ಚಿಗರಿ ಬಯಲಿನ ಗುರಪ್ಪ

ಹೊರ್ತಿ ಊರಿನ ಆಚೆ, ಕೃಷ್ಣಮೃಗಗಳ ಬಯಲಿಗೆ ಗುರಪ್ಪ ಕಾವಲುಗಾರನಾಗಿ ಬಂದು ಆರು ವರ್ಷ. ಕೃಷ್ಣಮೃಗ ಅನ್ನುವುದು ಕಾಗದಪತ್ರದ ಮಾತು, ಊರವರಿಗೆ ಅದು ಚಿಗರಿ. ಇಲಾಖೆಯವರು ಉದ್ಯಾನ ಅಂತ ಬೋರ್ಡು ಹಾಕಿದ ಮೇಲೆ ಗಿಡ ಇಲ್ಲದಿದ್ದರೆ ಹೇಗೆ ಎಂದು ಪುಣ್ಯಾತ್ಮ ತಾನೇ ತೀರ್ಮಾನಿಸಿ, ಬೇವಿನ ಸಸಿ ತಂದು ಸಾಲಾಗಿ ನೆಟ್ಟ. ಬೇಡ ಅಂತ ಯಾರೂ ಹೇಳಲಿಲ್ಲ. ಹೆಂಡತಿ ಯಲ್ಲವ್ವ ಕೊಡ ಹೊತ್ತು ನೀರೆರೆದಳು, ಹಳೇ ಸೀರೆ ಹರಿದು ಒಂದೊಂದಕ್ಕೂ ನೆರಳು ಕಟ್ಟಿದಳು. ಮುನ್ನೂರು ಗಿಡ ಆಳೆತ್ತರ ದಾಟಿದವು. ಅಷ್ಟರಲ್ಲಿ ಚಿಗರಿಗಳು ಬಯಲು ಬಿಟ್ಟು ಸುತ್ತಲ ಹೊಲಗಳಿಗೆ ಬಿದ್ದಿದ್ದವು. ರೈತರ ಬೈಗುಳವೆಲ್ಲ ಗುರಪ್ಪನ ಪಾಲಿಗೆ ಬಂತು.

ಬಯಲನ್ನು ಸಂರಕ್ಷಿತ ಪ್ರದೇಶವೆಂದು ಸಾರಬೇಕೋ ಬೇಡವೋ ಎಂದು ನೋಡಲು ವಿಜಯಲಕ್ಷ್ಮಿ ಎಂಬ ಅಧಿಕಾರಿ ಬಂದರು. ದಿನವಿಡೀ ದುರ್ಬೀನು ಹಿಡಿದು ಕೂತರೂ ಒಂದೂ ಚಿಗರಿ ಕಾಣಲಿಲ್ಲ.

"ಈ ಗಿಡಾ ಯಾರ ಹಚ್ಯಾರ, ಗುರಪ್ಪ?"

"ನಾನ ಹಚ್ಚೇನ್ರಿ, ಮೇಡಮ್ಮಾರ," ಎಂದ, ಎದೆಯುಬ್ಬಿಸಿ.

"ಚಿಗರಿಗೆ ದೂರತನಕಾ ಕಣ್ಣ ಹಾಯಬೇಕ್ರಿ. ಗಿಡದ ಹಿಂದ ತ್ವಾಳ ಅಡಗಿರ್ತಾವಂತ ಕಾಲ ಇಡೂದಿಲ್ಲ ಅವು. ಗಿಡಾ ತಗ್ಯಾಕ ಪರವಾನಗಿ ಬರದ ಕೊಡ್ತೇನಿ. ಹದಿನೈದ ದಿನಕ್ಕ ಮತ್ತ ಬರ್ತೇನಿ. ಆವಾಗೂ ಚಿಗರಿ ಇಲ್ಲಂದ್ರ ಇದು ಬರೇ ಬೀಳು ಭೂಮಿ. ಸೋಲಾರ್ ಕಂಪನಿಯವ್ರು ಕೇಳಾಕತ್ತಾರ."

ಗುರಪ್ಪ ಎರಡು ದಿನ ಗಿಡಗಳ ಸಾಲಿನಲ್ಲಿ ತಿರುಗಾಡಿದ. ಈ ಬಯಲೂ ಹೋದರೆ ಚಿಗರಿ ಎಲ್ಲಿಗೆ ಹೋದಾವು? ಮೂರನೇ ದಿನ ಕೊಡಲಿ ಎತ್ತಿಕೊಂಡ. ಯಲ್ಲವ್ವ ಅಡ್ಡ ನಿಂತಳು.

"ಇವಕ್ಕ ನೀರ ಹೊತ್ತ ಹೊತ್ತ ನನ್ನ ನೆತ್ತಿ ಸವದೈತ್ರಿ!"

"ನನಗೇನ ಹೊಟ್ಟಿ ಉರಿಯಂಗಿಲ್ಲೇನ?"

ಅವಳು ಸೆರಗಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಅವನು ಕಡಿದ ಹಾಗೆಲ್ಲ ಕೊಂಬೆಗಳನ್ನು ಎಳೆದು ಹೊರಗೆ ಹಾಕಿದಳು. ಮುನ್ನೂರು ಗಿಡವೂ ಉರುಳಿದವು.

ಹದಿನಾಲ್ಕನೇ ದಿನದವರೆಗೆ ಒಂದು ಗೊರಸಿನ ಗುರುತೂ ಬಯಲಲ್ಲಿ ಮೂಡಲಿಲ್ಲ. ಹದಿನೈದನೇ ದಿನ ಮುಂಜಾನೆ ಗುರಪ್ಪ ಮತ್ತು ವಿಜಯಲಕ್ಷ್ಮಿ ಬದುವಿನ ಹಿಂದೆ ಬೋರಲು ಮಲಗಿದರು. ಬಿಸಿಲೇರಿದ ಮೇಲೆ ಅಂಚಿನಲ್ಲಿ ಒಂದು ಕರಿ ಗಂಡು ಬಂದು ನಿಂತಿತು. ಕಾಲು ಮುಂದಿಟ್ಟಿತು. ಎಲ್ಲೋ ಕುರುಬರ ನಾಯಿ ಬೊಗಳಿತು, ಅದು ತಟ್ಟನೆ ಹಿಂದೆ ತಿರುಗಿತು. ಗುರಪ್ಪ ಉಸಿರು ಹಿಡಿದ. ನಾಯಿಯ ಸದ್ದು ಅಡಗಿತು. ಗಂಡು ಮತ್ತೆ ತಿರುಗಿ ಒಳಗೆ ನಡೆಯಿತು, ಹಿಂದೆ ಹೆಣ್ಣುಗಳು, ಮರಿಗಳು.

"ಹನ್ನೊಂದು!" ವಿಜಯಲಕ್ಷ್ಮಿ ಪಿಸುಗುಟ್ಟಿದರು. "ಬಯಲ ಉಳೀತು, ಗುರಪ್ಪ. ನೋಡ್ರಿ, ನಿಮ್ಮ ಚಿಗರಿ!"

ಗುರಪ್ಪ ಮಣ್ಣಿಗೆ ಮುಖವಿಟ್ಟು ಬಿಕ್ಕುತ್ತಿದ್ದ.

"ನೀವ ನೋಡ್ರಿ, ಮೇಡಮ್ಮಾರ. ನನ್ನ ಕಣ್ಣಿಗೆ ಬರೇ ಕಡದ ಬೇವಿನ ಬೊಡ್ಡಿ ಕಾಣಾಕತ್ತಾವ."