ಬುಧವಾರದ ಹರಿವೆ ಸೊಪ್ಪು

ಸಾಗರದ ಬಸ್‌ಸ್ಟ್ಯಾಂಡ್ ಹಿಂದಿನ ವಠಾರದವರಿಗೆ ಒಳ್ಳೆಯ ಊಟ ಸಿಗಲಿ ಅಂತ ನಾವು ಐದಾರು ಮಂದಿ ಸೇರಿ, ತುಮರಿ ಕಡೆಯಿಂದ ಸೊಪ್ಪು, ತರಕಾರಿ ತರಿಸಿ ಪ್ರತಿ ಬುಧವಾರ ಪುಕ್ಕಟೆ ಹಂಚುತ್ತಿದ್ದೆವು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಗಿರಿಜಮ್ಮ ಒಂದು ವಾರವೂ ತಪ್ಪಿಸಿದವರಲ್ಲ. ಅವರ ಮಗಳಿಗೆ ರಕ್ತ ಕಡಿಮೆ ಅಂತ ಡಾಕ್ಟರು ಹೇಳಿದ್ದರಿಂದ ಹರಿವೆ ಸೊಪ್ಪಿನ ಕಟ್ಟು ಒಂದು ಹೆಚ್ಚಿಗೇ ಕೊಡುತ್ತಿದ್ದೆ.

ಮಗಳನ್ನು ನೋಡಿ ಬರೋಣ ಅಂತ ಒಂದು ದಿನ ಅವರ ಮನೆಗೆ ಹೋದೆ. ಮೂಲೆಯ ಬುಟ್ಟಿಯಲ್ಲಿ ಹೋದ ವಾರದ ಸೊಪ್ಪು ಕಟ್ಟು ಬಿಚ್ಚದೆ ಕೊಳೆತು ಬಿದ್ದಿತ್ತು.

"ಯಾಕೆ ಗಿರಿಜಮ್ಮ, ಬೇಯಿಸಲಿಲ್ವಾ?"

ಅವರು ತಲೆ ತಗ್ಗಿಸಿದರು. "ಗ್ಯಾಸ್ ಮುಗಿದು ಎರಡು ತಿಂಗಳಾಯ್ತು ಅಕ್ಕ. ಹೋಟ್ಲಲ್ಲಿ ಉಳಿದ ಪೂರಿ, ಬೋಂಡ ತಂದು ತಿಂತೀವಿ. ನೀವು ಅಷ್ಟು ಪ್ರೀತಿಯಿಂದ ಕೊಡ್ತೀರಿ, ಬೇಡ ಅಂದ್ರೆ ಬೇಜಾರ್ ಮಾಡ್ಕೋತೀರಿ ಅಂತ ತಗೊಂಡೆ."

ಚಾಪೆಯ ಮೇಲೆ ಕೂತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

ಗುಂಪಿನವರಿಗೆ ಹೇಳಿದೆ. ಒಬ್ಬರಿಗೆ ಕೊಡಿಸಿದರೆ ಎಲ್ಲರೂ ಕೇಳ್ತಾರೆ, ಇಡೀ ವಠಾರಕ್ಕೆ ಗ್ಯಾಸ್ ಕೊಡಿಸೋದು ನಮ್ಮ ಕೈಲಾಗೋ ಮಾತಲ್ಲ ಅಂದರು. ನನಗೂ ಬೇರೆ ದಾರಿ ಹೊಳೆಯಲಿಲ್ಲ.

ಮುಂದಿನ ಬುಧವಾರ ಗಿರಿಜಮ್ಮ ಮತ್ತೆ ಸಾಲಿನಲ್ಲಿದ್ದರು. ಕೊಡಲೋ ಬಿಡಲೋ ತಿಳಿಯದೆ ಕಟ್ಟು ಹಿಡಿದು ನಿಂತೆ.

"ಕೊಡಿ ಅಕ್ಕ, ಜನ ನೋಡ್ತಿದಾರೆ" ಅಂತ ಅವರೇ ಕೈಚಾಚಿ ತಗೊಂಡರು. ನಮ್ಮ ಮಾನ ಕಾಯುವ ಕೆಲಸವೂ, ಪಾಪ, ಅವರ ತಲೆಗೇ ಬಿತ್ತು.