ಚೊಗರು ಹತ್ತಿದ ಕೈ

ಅಡಿಕೆ ಸುಲಿಯುವವರ ಕೈ ಕಪ್ಪಾಗಿಯೇ ಇರುತ್ತದೆ. ಹಸಿ ಅಡಿಕೆಯ ಚೊಗರು ಒಮ್ಮೆ ಹತ್ತಿತೆಂದರೆ ಸೋಪಿಗೂ ಬಗ್ಗುವುದಿಲ್ಲ, ಹುಣಸೆಹಣ್ಣಿಗೂ ಬಗ್ಗುವುದಿಲ್ಲ. ನಮ್ಮೂರು ಮೆಣಸೆಯಲ್ಲಿ ಅಮ್ಮನ ಪಕ್ಕ ಕೂತು ಸುಲಿಯುತ್ತಿದ್ದ ನನಗೆ ಅದೊಂದು ವಿಷಯವೇ ಆಗಿರಲಿಲ್ಲ, ಅವನು ಸಿಗುವವರೆಗೆ.

ಅವನು ಅಡಿಕೆ ಮೂಟೆಗಳನ್ನು ಕೊಪ್ಪಕ್ಕೆ ಒಯ್ಯುವ ಪಿಕಪ್ಪಿನ ಡ್ರೈವರ್. ನೋಡಲು ಲಕ್ಷಣ, ಬಾಯಿ ಬಿಟ್ಟರೆ ಸುತ್ತಲಿನವರೆಲ್ಲ ನಗಬೇಕು. ನಾನಂತೂ ಪೂರ್ತಿ ಮರುಳಾಗಿದ್ದೆ. ಕೊಯ್ಲು ಮುಗಿದ ಮೇಲೆ ಅವನ ಮನೆಯವರು ಹೆಣ್ಣು ಕೇಳಲು ಬರುವವರಿದ್ದರು.

ಅವನ ತಮಾಷೆಯೆಲ್ಲ ಯಾರದಾದರೂ ಕುಂದಿನ ಮೇಲೆಯೇ. ಕುಂಟುವವರ ನಡಿಗೆ, ತೊದಲುವವರ ಮಾತು, ಆಮೇಲೆ ನನ್ನ ಕೈ. "ಈ ಕೈಯಲ್ಲಿ ಬಡಿಸಿದ್ರೆ ಊಟ ಹೆಂಗೆ ಸೇರ್ತದೆ ಮಾರಾಯ್ತಿ?" ನನ್ನ ಮುಖ ಬಾಡಿದಷ್ಟೂ ಅವನಿಗೆ ಹುರುಪು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗೆ. ಆದರೆ ಈ ಇಲಿ ಅವನ ಜೊತೆ ತಾನೂ ನಗುತ್ತಿತ್ತು.

ಬರಬರುತ್ತಾ ಅವನಿಲ್ಲದಾಗಲೂ ಕೈಯನ್ನು ವೇಲಿನೊಳಗೆ ಮುಚ್ಚಿಕೊಳ್ಳತೊಡಗಿದೆ. ಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುವುದನ್ನೂ ಬಿಟ್ಟೆ. ಮೊದಲು ಗಮನಿಸಿದ್ದು ಅಪ್ಪ. ಹೊಟ್ಟೆಯ ವಿಷಯವಲ್ಲವೇ!

"ಎಂತಕ್ಕೆ ಈಗ ರೊಟ್ಟಿ ಮಾಡದಿಲ್ಲ ನೀನು?"

"ಕೈ ನೋಡಪ್ಪ, ಹೆಂಗಿದೆ."

ಅಪ್ಪ ನೋಡಿದ. "ನಿಮ್ಮಮ್ಮನ ಕೈ ಇದಕ್ಕಿಂತ ಕಪ್ಪಿತ್ತು. ಹೆಣ್ಣು ನೋಡಕ್ಕೆ ಹೋದಾಗ ಅದನ್ನೇ ನೋಡಿ ಒಪ್ಪಿದ್ದು, ಕೆಲ್ಸದವಳು ಅಂತ. ಮುಖ ಆಮೇಲೆ ನೋಡಿದ್ದು."

"ನಾನೂ ನಿಮ್ಮ ಮುಖ ಆಮೇಲೇ ನೋಡಿದ್ದು. ಮೊದ್ಲೇ ನೋಡಿದ್ರೆ ಕತೆ ಬೇರೆ ಇತ್ತು," ಎಂದಳು ಅಮ್ಮ ಒಲೆಯ ಮುಂದಿನಿಂದ. ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. ಅಮ್ಮ ಎದ್ದು ಬಂದು ನೀರು ಕೊಟ್ಟಳು. ಇಬ್ಬರಲ್ಲಿ ಯಾರಿಗೂ ನೋವಾಗಿರಲಿಲ್ಲ. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಿಗ್ಗೆ ಅವನಿಗೆಂದೇ ರೊಟ್ಟಿ ತಟ್ಟಿ, ಬಾಳೆಎಲೆಯಲ್ಲಿ ಸುತ್ತಿಕೊಂಡು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ಪಿಕಪ್ ನಿಲ್ಲಿಸಿಕೊಂಡಿದ್ದ ಅವನು ಗೆಳೆಯರ ಮಧ್ಯೆ ಪೊಟ್ಟಣ ಬಿಚ್ಚಿದ. ಒಂದು ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದ. "ಚೊಗರು ಎಲ್ಲೆಲ್ಲಿ ಹತ್ತಿದೆ ನೋಡ್ರೋ!"

ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ. ಪೊಟ್ಟಣ ಕಿತ್ತುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನತೊಡಗಿದೆ. ವೇಲು ಜಾರಿತ್ತು, ಎರಡೂ ಕೈ ಊರಿಗೆಲ್ಲ ಕಾಣುತ್ತಿದ್ದವು.

"ಏ, ತಮಾಷೆ ಮಾಡಿದ್ದು ಮಾರಾಯ್ತಿ. ಹಸಿವಾಗ್ತಿದೆ, ಒಂದು ಕೊಡು," ಎಂದು ಕೈ ಚಾಚಿದ.

"ಹೆಣ್ಣು ಕೇಳಕ್ಕೆ ಬರದು ಬೇಡ ಅಂತ ನಿಮ್ಮ ಮನೆಯವ್ರಿಗೆ ಹೇಳು," ಎಂದೆ. ಉಳಿದ ಒಂದು ರೊಟ್ಟಿಯನ್ನು ಅಪ್ಪನಿಗೆಂದು ಮತ್ತೆ ಎಲೆಯಲ್ಲಿ ಸುತ್ತಿದೆ.