ಲೆನೋರಾ ಡೇಲ್ ನಮ್ಮ ಕೋಲಾರದವರು

ಒಬ್ಬ ತಾಯಿ ತನ್ನ ಮಗಳಿಗಾಗಿ ಕಾದಿಟ್ಟಿದ್ದ ಮಾತನ್ನು ನಾನು ಮೈಕಿನಲ್ಲಿ ಹೇಳಿಬಿಟ್ಟೆ. ಅಷ್ಟೇ ಆಗಿದ್ದರೆ ಬಾಯಿಬಡುಕಿ ಅನ್ನಿಸಿಕೊಂಡು ಸುಮ್ಮನಾಗಬಹುದಿತ್ತು. ಆಮೇಲೆ ಅದೇ ಮಗಳಿಗೆ ಸುಳ್ಳನ್ನೂ ಹೇಳಿದೆ. ಆ ಸುಳ್ಳು ಏನು ಮಾಡಿತೆಂದು ಕಣ್ಣಾರೆ ಕಂಡಮೇಲೂ ಬಾಯಿ ಬಿಡಲಿಲ್ಲ.

ಆ ತಾಯಿ ಲೆನೋರಾ ಡೇಲ್, ಕಪ್ಪು-ಬಿಳುಪು ಕಾಲದ ಹಾಲಿವುಡ್ ನಟಿ. ಅಮೆರಿಕದ ಷಾರ್ಲೆಟ್‌ನಲ್ಲಿ ನಮ್ಮ ಎದುರು ಮನೆ ಅವರದು. ಮೂರನೆಯ ಗಂಡನಿಗೆ ಇಲ್ಲಿ ಬಟ್ಟೆ ಗಿರಣಿ ಇತ್ತಂತೆ. ಆತ ತೀರಿಕೊಂಡ ಮೇಲೂ ಅವರು ಊರು ಬಿಡಲಿಲ್ಲ. ಟಿವಿಯಲ್ಲಿ ಹಳೆಯ ಚಿತ್ರ ಬಂದಾಗ ಅಕ್ಕಪಕ್ಕದವರು ಅವರ ಮನೆಯತ್ತ ಬೆರಳು ಮಾಡುತ್ತಿದ್ದರು. ನಾವೂ ದೂರದಿಂದ ನೋಡಿ ಖುಷಿಪಟ್ಟುಕೊಂಡಿದ್ದೆವು, ಅಷ್ಟೇ.

ಇಲ್ಲಿಗೆ ಬಂದ ನಮ್ಮವರಿಗೆಲ್ಲ ಒಂದು ಚಟವಿದೆ — ಎದುರಿಗೆ ನಿಂತವರ ಬಗ್ಗೆಯೇ ಕನ್ನಡದಲ್ಲಿ ಆಡಿಕೊಳ್ಳುವುದು. ಎಲಿವೇಟರಿನಲ್ಲಿ, ಅಂಗಡಿಯಲ್ಲಿ, ಡಾಕ್ಟರಿಗೆ ಕಾಯುವಾಗ. ಕನ್ನಡವೆಂದರೆ ನಮಗೆ ಬೀಗ ಹಾಕಿದ ಕೋಣೆ. ಒಂದು ದಿನ ಗ್ರೋಸರಿ ಅಂಗಡಿಯ ಸಾಲಿನಲ್ಲಿ ಲೆನೋರಾ ನಮ್ಮ ಮುಂದೆ ನಿಂತಿದ್ದರು, ತುಟಿಗೆ ಕೆಂಪು, ಕೈಗೆ ಗ್ಲೌಸು. ನಾನು ಗಂಡನಿಗೆ, “ಈ ಅಜ್ಜೀನ ನೋಡ್ರೀ, ಬ್ರೆಡ್ ತಗೊಳಕ್ಕೂ ಮದುವೆ ಹೆಣ್ಣಿನ ಥರ ಮೇಕಪ್ ಮಾಡ್ಕೊಂಡು ಬಂದಿದಾರೆ” ಎಂದೆ.

ಅವರು ತಿರುಗಿದರು. “ಮದ್ವೆ ಮೂರು ಆಯ್ತು ಕಣಮ್ಮ. ಇನ್ನು ಸಾಕು.”

ನನ್ನ ಗಂಡ ಕೈಯಲ್ಲಿದ್ದ ಮೊಟ್ಟೆಯ ಡಬ್ಬಿಯನ್ನು ಬೀಳಿಸಿದರು. ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಅವರು ಮಾತ್ರ ನಗುತ್ತಿದ್ದರು — ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಯಾರೋ ತಮ್ಮನ್ನು ಆಡಿಕೊಂಡರಲ್ಲ ಎಂಬ ಸಂತೋಷಕ್ಕೆ.

ಅವರು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದ ಗಣಿ ಮೇಸ್ತ್ರಿ, ತಾಯಿ ಬಂಗಾರಪೇಟೆ ಕಡೆಯ ಮುನಿಯಮ್ಮ. ಹದಿಹರೆಯದಲ್ಲೇ ಸಂಚಾರಿ ನಾಟಕ ಕಂಪನಿಯ ಜೊತೆ ಹೊರಟು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ. ಸ್ಟುಡಿಯೋದವರು ಹೆಸರನ್ನು ಲೆನೋರಾ ಡೇಲ್ ಎಂದು ಹಿಗ್ಗಿಸಿದರು, ಮಾತಿನ ಧಾಟಿ ತಿದ್ದಿದರು, ಹುಟ್ಟೂರು ಐರ್ಲೆಂಡ್ ಎಂದು ಪತ್ರಿಕೆಗಳಿಗೆ ಕೊಟ್ಟರು. ಆಮೇಲೆ ಅವರು ರಾಣಿಯಾದರು, ಗೂಢಚಾರಿಣಿಯಾದರು, ಗಂಡನಿಗೆ ವಿಷವಿಕ್ಕುವ ಹೆಂಡತಿಯಾದರು. ಒಮ್ಮೆ ಭಾರತದ ರಾಜಕುಮಾರಿಯ ಪಾತ್ರವೇ ಮನೆಬಾಗಿಲಿಗೆ ಬಂದಿತ್ತಂತೆ. ಸೀರೆ ಉಟ್ಟರೆ ಮೈಯೇ ಗುಟ್ಟು ಬಿಟ್ಟುಕೊಡುತ್ತದೆಂದು ಹೆದರಿ ಒಲ್ಲೆ ಎಂದರು. ಅದೇ ಸ್ಟುಡಿಯೋದಲ್ಲಿ ಇನ್ನೊಬ್ಬಳು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಆ ಪಾತ್ರ ಮಾಡಿದಳು. “ನೆರಿಗೆ ಹಿಂದಕ್ಕೆ ಸಿಗಿಸ್ಕೊಂಡಿದ್ಲು ಕಣೇ. ಹೋಗಿ ಸರಿಮಾಡೋಣ ಅಂತ ಕೈ ತುರಿಸ್ತಾ ಇತ್ತು. ಬಾಯ್ಮುಚ್ಕೊಂಡು ನಿಂತ್ಕೊಂಡೆ” ಎಂದು ನನಗೆ ಹೇಳಿದ್ದರು.

ತಮ್ಮನ್ನು ನೋರಮ್ಮ ಎಂದು ಕರೆಯಲು ಹೇಳಿದ್ದರು. ಅವರ ತಾಯಿ ಹಾಗೆ ಕರೆಯುತ್ತಿದ್ದರಂತೆ. ನಾನು ಉಪ್ಪಿಟ್ಟು ಮಾಡಿದ ದಿನವೆಲ್ಲ ಒಂದು ಡಬ್ಬಿ ಅಲ್ಲಿಗೆ ಹೋಗುತ್ತಿತ್ತು. ನನ್ನ ಎದೆ ಹೆಮ್ಮೆಯಿಂದ ಬಿರಿಯುತ್ತಿತ್ತು — ಅಮೆರಿಕ ಪೂರ್ತಿ ಬೆರಗಾಗಿ ನೋಡಿದ ಮುಖ, ನಮ್ಮ ಕೋಲಾರದ ಮುನಿಯಮ್ಮನ ಮಗಳದು!

“ಕ್ಲೇರ್‌ಗೆ ಗೊತ್ತಿಲ್ಲ ಸುಮಾ,” ಎಂದರು ಒಂದು ದಿನ. ಕ್ಲೇರ್ ಅವರ ಒಬ್ಬಳೇ ಮಗಳು, ಅಟ್ಲಾಂಟಾದಲ್ಲಿ ಪ್ರೊಫೆಸರ್. “ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರ್ತಾಳೆ, ಆಗ ನಾನೇ ಹೇಳ್ತೀನಿ. ಅಲ್ಲೀವರ್ಗೂ ನಿನ್ನ ಹೊಟ್ಟೇಲಿರ್ಲಿ.”

ಆಣೆ ಮಾಡಿದೆ. ನಿಜವಾಗಿಯೂ ಉಳಿಸಿಕೊಳ್ಳುವ ಮನಸ್ಸಿತ್ತು.

ಆ ನವೆಂಬರಿನಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ, ಒಂದು ಹೈಸ್ಕೂಲಿನ ಕೆಫೆಟೀರಿಯಾದಲ್ಲಿ. ನಿರೂಪಣೆ ನನ್ನದು — ಮೈಕು ಹಿಡಿದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಮಕ್ಕಳ ಕುಣಿತ ನೋಡಲೆಂದು ನೋರಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸನ್ಮಾನದ ಹೊತ್ತಿಗೆ ಒಂದು ಶಾಲು ಉಳಿಯಿತು. ಯಾರೋ ಗಣ್ಯರು ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಅವರು ಕೂತಿದ್ದಾರೆ, ನನ್ನ ಕೈಯಲ್ಲಿ ಶಾಲಿದೆ, ಎದುರಿಗೆ ಇಷ್ಟು ಜನ ನಮ್ಮವರು — ಕನ್ನಡದಲ್ಲಿ ಹೇಳಿದರೆ ಹೊರಗೆಲ್ಲಿ ಹೋಗುತ್ತದೆ ಎಂದುಕೊಂಡೆ.

“ಲೆನೋರಾ ಡೇಲ್ ನಮ್ಮ ಕೋಲಾರದವರು!” ಎಂದು ಕೂಗಿದೆ.

ಇಡೀ ಸಭೆ ಎದ್ದು ನಿಂತಿತು. ಅವರು ಮೆಲ್ಲಗೆ ಮೇಲೆ ಬಂದರು, ಶಾಲು ಹೊದಿಸಿಕೊಂಡು ಕೈಮುಗಿದರು, ಒಂದು ಮಾತೂ ಆಡದೆ ಇಳಿದರು. ಮುಖದಲ್ಲಿ ಎಂಥ ನಗು! ಅದು ನಟನೆ ಎಂದು ನನಗೆ ತಿಳಿದದ್ದು ಕಾರಿನಲ್ಲಿ.

“ಮಾತು ಕೊಟ್ಟಿದ್ಯಲ್ಲ ಸುಮಾ.”

“ಕನ್ನಡದಲ್ಲೇ ಅಲ್ವಾ ನೋರಮ್ಮ ಹೇಳಿದ್ದು? ಯಾರಿಗೆ ಗೊತ್ತಾಗತ್ತೆ?”

ಅವರು ಶಾಲನ್ನು ಮಡಿಚಿ ಹಿಂದಿನ ಸೀಟಿಗಿಟ್ಟರು. ಸಭೆಯಲ್ಲಿ ಅಟ್ಲಾಂಟಾದಿಂದ ನಾಟಕ ಆಡಲು ಬಂದಿದ್ದ ಮೂರ್ತಿ ಅಂಕಲ್ ಇದ್ದರು. ಕ್ಲೇರ್ ಪಾಠ ಮಾಡುವ ವಿಶ್ವವಿದ್ಯಾಲಯದಲ್ಲೇ ಅವರೂ ಪ್ರೊಫೆಸರ್. ವಾಪಸಾದ ಮೇಲೆ ಆಕೆಯ ಕೈಕುಲುಕಿ, ನಿಮ್ಮ ತಾಯಿ ನಮ್ಮವರೆಂದು ಗೊತ್ತೇ ಇರಲಿಲ್ಲ ಎಂದು ಅಭಿನಂದಿಸಿದರಂತೆ. ಪಾಪ, ಅವರದೇನು ತಪ್ಪು? ಅವರಿಗೂ ನನ್ನದೇ ಹೆಮ್ಮೆ.

ಕ್ಲೇರ್ ನನಗೆ ಫೋನ್ ಮಾಡಿದಳು. “ಅಮ್ಮ ಇದನ್ನು ತಾವೇ ಹೇಳಿದರಾ? ಸ್ಟೇಜಿನ ಮೇಲೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೌದು,” ಎಂದೆ. “ತುಂಬಾ ಹೆಮ್ಮೆಯಿಂದ ಹೇಳಿದರು.”

“ಒಂದು ಕೆಫೆಟೀರಿಯಾಕ್ಕೆ ಹೇಳಿದರು. ನನಗೆ ಹೇಳಲಿಲ್ಲ,” ಎಂದು ಫೋನ್ ಇಟ್ಟಳು. ಆ ಥ್ಯಾಂಕ್ಸ್‌ಗಿವಿಂಗ್‌ಗೆ ಆಕೆ ಬರಲಿಲ್ಲ.

ನಾನು ಹೋದೆ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದರು. ತಡೆಯಲಾರದೆ ಎಲ್ಲ ಹೇಳಿಕೊಂಡು ಅತ್ತೆ. ಈಗಲೇ ಫೋನ್ ಮಾಡಿ ನಿಜ ಹೇಳುತ್ತೇನೆ ಎಂದೆ. “ಬೇಡ,” ಎಂದರು ನೋರಮ್ಮ. “ಅಮ್ಮ ನಾಚ್ಕೊಂಡು ಮುಚ್ಚಿಟ್ಟು ಸಿಕ್ಕಿಬಿದ್ಲು ಅನ್ನೋದಕ್ಕಿಂತ, ಹೆಮ್ಮೆಯಿಂದ ಹೇಳಿದ್ಲು ಅಂತ್ಲೇ ಇರ್ಲಿ.” ನನಗೆ ಆದದ್ದು ದುಃಖವಲ್ಲ, ನಿರಾಳ — ಅದನ್ನೂ ಒಪ್ಪಿಕೊಳ್ಳಬೇಕು. ಅವರ ಬಿಂಕವನ್ನೇ ನೆಪ ಮಾಡಿಕೊಂಡು ನಾನು ಬಚಾವಾದೆ.

ಆಮೇಲೆ ಅವರು ಎದ್ದು ನಿಂತು, ಕ್ಲೇರ್ ಕೂರಬೇಕಿದ್ದ ಕುರ್ಚಿಯ ಕಡೆ ತಿರುಗಿ, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದರು. ನಿನ್ನ ಅಜ್ಜಿಯ ಹೆಸರು ಮುನಿಯಮ್ಮ. ನನ್ನನ್ನು ರೈಲು ಹತ್ತಿಸಲು ಬಂದಿದ್ದಳು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಇಳಿದುಬಿಡುತ್ತಿದ್ದೆ. ಆಮೇಲೆ ಕಾಗದ ಬರೆಯಲೂ ಹೆದರಿದೆ. ನೀನು ನಕ್ಕಾಗಲೆಲ್ಲ ಅವಳೇ ಎದುರಿಗೆ ಬರುತ್ತಾಳೆ. ನಿನ್ನಿಂದ ಮುಚ್ಚಿಟ್ಟದ್ದು ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ, ನನ್ನ ಮೇಲೆ ಇಲ್ಲದೆ.

ಅವರ ಯಾವ ಚಿತ್ರದಲ್ಲೂ ಅಂಥ ಅಭಿನಯ ನಾನು ಕಂಡಿಲ್ಲ. ಅಭಿನಯ ಎನ್ನಬಹುದೋ, ಬಾರದೋ... ನೋಡಿದವಳು ನಾನೊಬ್ಬಳು, ನೋಡುವ ಯೋಗ್ಯತೆಯೇ ಇಲ್ಲದವಳು.

ಕ್ರಿಸ್ಮಸ್ಸಿಗೆ ಮಗಳು ಬಂದಳು. ಇಬ್ಬರೂ ಮರ್ಯಾದಸ್ಥ ನೆಂಟರಂತೆ ಇದ್ದರು. ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ. ವಸಂತ ಬರುವಷ್ಟರಲ್ಲಿ ನೋರಮ್ಮ ತೀರಿಕೊಂಡರು. ಚರ್ಚಿನ ಬಾಗಿಲಲ್ಲಿ ಕ್ಲೇರ್ ನನ್ನ ಕೈಹಿಡಿದು, “ಅಮ್ಮನಿಗೆ ಕೊನೆಯದಾಗಿ ಒಂದು ವೇದಿಕೆ ಕೊಟ್ಟಿರಿ, ಥ್ಯಾಂಕ್ಸ್” ಎಂದಳು. ನಾನು ತಲೆಯಾಡಿಸಿ ಅದನ್ನು ಸ್ವೀಕರಿಸಿದೆ.

ಕಳೆದ ವಾರ ಕ್ಲೇರ್ ಮತ್ತೆ ಫೋನ್ ಮಾಡಿದಳು. ಕೋಲಾರಕ್ಕೆ ಹೊರಟಿದ್ದಾಳೆ. “ಅವತ್ತು ಸ್ಟೇಜಿನ ಮೇಲೆ ಅಮ್ಮ ಏನೇನು ಹೇಳಿದರು? ನೆನಪಿದ್ದಷ್ಟು ಹೇಳಿ, ಸಾಕು” ಎಂದಳು. ಅಷ್ಟು ಮೆತ್ತಗೆ ಯಾರೂ ನನ್ನಿಂದ ಏನನ್ನೂ ಬೇಡಿಲ್ಲ.

ಫೋನಿನಲ್ಲಿ ಆಗುವುದಿಲ್ಲ, ಶನಿವಾರ ಬರುತ್ತೇನೆ ಎಂದಿದ್ದೇನೆ. ಅಟ್ಲಾಂಟಾ ನಾಲ್ಕು ಗಂಟೆಯ ಡ್ರೈವ್. ವೇದಿಕೆಯ ಮೇಲೆ ನಿಮ್ಮ ತಾಯಿ ತುಟಿ ಬಿಚ್ಚಲಿಲ್ಲ, ಕೂಗಿದವಳು ನಾನು, ಸುಳ್ಳು ಹೇಳಿದವಳೂ ನಾನು — ಮೊದಲು ಇಷ್ಟು. ಆಮೇಲೆ, ಆಕೆ ನನ್ನನ್ನು ಇನ್ನೂ ಮನೆಯೊಳಗೆ ಇಟ್ಟುಕೊಂಡಿದ್ದರೆ, ಎದುರಿಗೆ ಕೂರಿಸಿ, ಆ ಖಾಲಿ ಕುರ್ಚಿಗೆ ನೋರಮ್ಮ ಹೇಳಿದ್ದನ್ನೆಲ್ಲ ಹೇಳಬೇಕು: ಅವರು ನಿಮಗೇ ಹೇಳಿದರು, ಕ್ಲೇರ್. ನೀವು ಬಂದಿರಲಿಲ್ಲ, ಬಾರದಂತೆ ಮಾಡಿದ್ದು ನಾನು.